ಮಾಡೆಲ್ ರಾಕೆಟ್: ರೆಕ್ಕೆ ಅಂಟಿಸೋ ಮೊದಲು ಮರದ ಗೆರೆ ನೋಡಿ

ರಾಕೆಟ್ ಮಾಡ್ತೀನಿ ಅಂತ ಹೊರಟೋರು ಮೊದಲು ಹುಡುಕೋದೇ ಅಲ್ಯೂಮಿನಿಯಂ ಪೈಪು. ಗಟ್ಟಿ ಇದ್ರೆ ಸೇಫು ಅನ್ನೋ ಲೆಕ್ಕ. ಪೂರ್ತಿ ಉಲ್ಟಾ. ರಾಕೆಟ್ ನೆಟ್ಟಗೆ ಮೇಲೆ ಹೋಗತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ, ಕೆಳಗೆ ಬರೋದಕ್ಕೆ ಮಾತ್ರ ಇದೆ. ಪ್ಯಾರಾಶೂಟ್ ಬಿಚ್ಚದೆ ಬಿದ್ರೆ ರಟ್ಟಿನ ಕೊಳವೆ ನಜ್ಜುಗುಜ್ಜಾಗತ್ತೆ ಅಷ್ಟೇ, ಲೋಹದ್ದಾದ್ರೆ ಅದು ಈಟಿ. ಮೋಟಾರ್ ಒಡೆದ್ರೂ ಹಾಗೇ, ಕಾಗದ ಹರಿಯತ್ತೆ, ಲೋಹ ಚೂರಾಗಿ ಸಿಡಿಯತ್ತೆ. ಕೊಳವೆಗೆ ರಟ್ಟು, ರೆಕ್ಕೆಗೆ ಬಾಲ್ಸಾ ಅನ್ನೋ ಹಗುರ ಮರ, ಮೂತಿಗೆ ಬಾಲ್ಸಾ ಇಲ್ಲಾ ತೆಳು ಪ್ಲಾಸ್ಟಿಕ್. ಮುಗೀತು. ಪಿವಿಸಿ ಪೈಪ್ ತಂದಿರೋರು ಅದನ್ನ ನಲ್ಲಿಗೇ ಹಾಕ್ಕೊಳ್ಳಿ.

ಮೋಟಾರ್ ಕಾರ್ಖಾನೇದೇ ಆಗಿರ್ಬೇಕು, ಮನೇಲಿ ಮದ್ದು ಅರೆಯೋ ಮಾತೇ ಬೇಡ. 1957ರಲ್ಲಿ ಅಮೆರಿಕದ ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ ಹೀಗೆ ಮನೇಲಿ ರಾಕೆಟ್ ಮಾಡೋ ಹುಡುಗರಿಗೆ ಇರೋ ಅಪಾಯದ ಬಗ್ಗೆ ಬರೆದಿದ್ದನ್ನ ಓದಿ ಪಟಾಕಿ ಹವ್ಯಾಸಿ ಆರ್ವಿಲ್ ಕಾರ್ಲೈಲ್ ತಮ್ಮ ಪುಟ್ಟ ರಾಕೆಟ್ಟು ಮೋಟಾರು ಕಳಿಸಿಕೊಟ್ರು, ಈ ಹವ್ಯಾಸ ಶುರುವಾಗಿದ್ದೇ ಅಲ್ಲಿಂದ. ಮೋಟಾರ್ ಮೇಲೆ ಸಿ6-5 ಅಂತಿದ್ರೆ ಸಿ ಅನ್ನೋದು ಒಟ್ಟು ಶಕ್ತಿಯ ವರ್ಗ, 6 ಸರಾಸರಿ ನೂಕುಬಲ ನ್ಯೂಟನ್‌ನಲ್ಲಿ, 5 ಅಂದ್ರೆ ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರಗೆ ತಳ್ಳೋಕೆ ಮುಂಚೆ ಕಾಯೋ ಸೆಕೆಂಡು.

ಈಗ ಎಲ್ಲರೂ ಕೆಡಿಸೋ ಜಾಗ, ರೆಕ್ಕೆ. ಬಾಲ್ಸಾ ಹಲಗೆ ಬೆಳಕಿಗೆ ಹಿಡಿದ್ರೆ ಉದ್ದಕ್ಕೆ ಗೆರೆ ಕಾಣತ್ತೆ. ರೆಕ್ಕೆಯ ಮುಂದಿನ ಅಂಚು, ಗಾಳಿ ಸೀಳೋ ಅಂಚು, ಆ ಗೆರೆಗೆ ಸಮಾನಾಂತರವಾಗಿ ಬರೋ ಹಾಗೆ ಕತ್ತರಿಸಿ. ಹಲಗೆ ಉಳಿಸೋಕೆ ಅಡ್ಡಡ್ಡ ಕತ್ತರಿಸಿದ್ರೆ ಗೆರೆ ಕೊಳವೆಗೆ ಸಮ ಬಂದುಬಿಡತ್ತೆ, ಆಗ ಹೆಬ್ಬೆಟ್ಟಲ್ಲಿ ಸ್ವಲ್ಪ ಬಗ್ಗಿಸಿ ನೋಡಿ, ಬುಡದಲ್ಲೇ ಬಿಸ್ಕತ್ ಥರ ಲಟಕ್ ಅನ್ನತ್ತೆ.

ಕೊಳವೆ ಮೇಲೆ ಕಣ್ಣಳತೇಲಿ ಗುರುತು ಹಾಕ್ಬೇಡಿ. ಸುತ್ತ ಕಾಗದದ ಪಟ್ಟಿ ಸುತ್ತಿ ಕತ್ತರಿಸಿ, ಬಿಚ್ಚಿ, ಮೂರು ರೆಕ್ಕೆಗೆ ಮೂರು ಸಮಭಾಗ ಮಾಡಿ, ಮತ್ತೆ ಸುತ್ತಿ ಗುರುತು ಹಾಕಿ. ಉದ್ದ ಗೆರೆ ಎಳೆಯೋಕೆ ಕೊಳವೇನ ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿ ಪೆನ್ಸಿಲ್ ಎಳೀರಿ, ಅದಕ್ಕಿಂತ ನೇರ ಗೆರೆ ಸಿಗಲ್ಲ. ರೆಕ್ಕೆ ಕೂರೋ ಜಾಗದ ಹೊಳಪನ್ನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ತೆಗೀರಿ, ಇಲ್ದಿದ್ರೆ ಅಂಟು ಹಿಡಿಯೋದು ಹೊಳಪನ್ನ, ಕೊಳವೇನ ಅಲ್ಲ. ಆಮೇಲೆ ಮರಗೆಲಸದ ಅಂಟು ರೆಕ್ಕೆ ಬುಡಕ್ಕೂ ಗೆರೆ ಮೇಲೂ ತೆಳ್ಳಗೆ ಸವರಿ ಒಣಗೋಕೆ ಬಿಡಿ, ಮತ್ತೆ ತೆಳ್ಳಗೆ ಸವರಿ ಒತ್ತಿ ಹಿಡೀರಿ, ಈ ಎರಡನೇ ಸಲಕ್ಕೆ ಬೇಗ ಕಚ್ಕೊಳತ್ತೆ. ಪೂರ್ತಿ ಒಣಗಿದ ಮೇಲೆ ಬುಡದ ಎರಡೂ ಪಕ್ಕ ಅಂಟು ಹಾಕಿ ಬೆರಳಲ್ಲಿ ಒಂದೇ ಎಳೆತ, ಕೊಳವೆ ಮಲಗಿಸಿಟ್ಟಿರಿ, ನಿಲ್ಲಿಸಿದ್ರೆ ಅಂಟೆಲ್ಲಾ ಕೆಳಗಿಳಿದು ಗಂಟಾಗತ್ತೆ. ಗ್ಲೂ ಗನ್ ಹತ್ರಾನೂ ಬೇಡ, ನಂದೇ ಒಂದು ರಾಕೆಟ್ಟಿನ ರೆಕ್ಕೆ ಮೋಟಾರ್ ಬಿಸಿಗೆ ಅಂಟು ಮೆತ್ತಗಾಗಿ ಕಳಚಿ ರಾಕೆಟ್ ಪಲ್ಟಿ ಹೊಡೀತು. ಸೂಪರ್ ಗ್ಲೂನೂ ಅಷ್ಟೇ, ಬೇಗ ಹಿಡಿಯತ್ತೆ, ನೆಲಕ್ಕೆ ಬಿದ್ದಾಗ ಗಾಜಿನ ಥರ ಬಿಟ್ಕೊಳತ್ತೆ.

ಪ್ಯಾರಾಶೂಟ್ ಕೆಳಗೆ ಬೆಂಕಿ ಹತ್ತದ ವ್ಯಾಡಿಂಗ್ ತುಂಬಿ, ಅಂದ್ರೆ ಮೋಟಾರಿನ ಬಿಸಿ ಪ್ಯಾರಾಶೂಟ್‌ಗೆ ತಾಗದ ಹಾಗೆ ಮಧ್ಯೆ ತುರುಕೋ ಕಾಗದ. ಮಾಮೂಲಿ ಟಿಶ್ಯೂ ಪೇಪರ್ ತುರುಕೋ ಶಾರ್ಟ್‌ಕಟ್ ಬೇಡ, ಹೊತ್ಕೊಂಡು ಒಣಹುಲ್ಲಿನ ಮೇಲೆ ಬೀಳತ್ತೆ.

ಹಾರಿಸೋ ಮೊದಲು ಮೋಟಾರು, ಪ್ಯಾರಾಶೂಟು ಎಲ್ಲಾ ಹಾಕಿ ರಾಕೆಟ್ ಬೆರಳ ಮೇಲೆ ತೂಗಿ, ಸಮ ನಿಂತ ಜಾಗಕ್ಕೆ ಒಂದೆರಡು ಮೀಟರ್ ದಾರ ಕಟ್ಟಿ ತಲೆ ಸುತ್ತ ತಿರುಗಿಸಿ. ಇಗ್ನೈಟರ್, ಅಂದ್ರೆ ಮೋಟಾರ್ ಹೊತ್ತಿಸೋ ಪುಟ್ಟ ತಂತಿ, ಮಾತ್ರ ಈಗ್ಲೇ ಹಾಕ್ಬೇಡಿ. ಮೂತಿ ಮುಂದಿಟ್ಕೊಂಡು ಸುತ್ತಿದ್ರೆ ಸರಿ. ಬಾಲ ಮುಂದಾದ್ರೆ ಇಲ್ಲಾ ಗಿರಗಿಟ್ಟಲೆ ಆದ್ರೆ ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಮತ್ತೆ ತೂಗಿ, ದಾರ ಹೊಸ ಜಾಗಕ್ಕೆ ಕಟ್ಟಿ. ದಾರದಲ್ಲಿ ಪಾಸಾಗದ್ದು ಮೈದಾನದಲ್ಲಿ ಪಾಸಾಗತ್ತೆ ಅಂತ ಹಾರಿಸಬೇಡಿ.

ಡಿ ವರ್ಗದ ಮೋಟಾರ್‌ವರೆಗೆ ಐದು ಮೀಟರ್ ದೂರ ನಿಲ್ಲಿ, ದೊಡ್ಡದಕ್ಕೆ ಹತ್ತು. ಸ್ವಿಚ್ ಒತ್ತಿದ್ರೂ ಹೊತ್ತಿಲ್ವಾ, ಬ್ಯಾಟರಿ ಕಳಚಿ ಒಂದು ನಿಮಿಷ ಕಾದು ಆಮೇಲೇ ಹೋಗಿ. ಕರೆಂಟ್ ತಂತಿಗೆ ಸಿಕ್ಕಿಹಾಕ್ಕೊಂಡಿದ್ರೆ ಅಲ್ಲೇ ಬಿಟ್ಟು ಮನೆಗೆ ಬನ್ನಿ, ಕೋಲು ಗೀಲು ಹುಡುಕೋಕೆ ಹೋಗ್ಬೇಡಿ.