‘ತಿಳೀಲಿಲ್ಲ’ ಅನ್ನೋದನ್ನ ಕಲಿತದ್ದು

ವಿಜಯಪುರದಲ್ಲಿ ಇಂಜಿನಿಯರಿಂಗ್ ಮುಗಿಸೋವರೆಗೆ ನಾನು ಕ್ಲಾಸಿನಲ್ಲಿ ಒಮ್ಮೆಯೂ ಎದ್ದು ನಿಂತು ಪ್ರಶ್ನೆ ಕೇಳಿದವಳಲ್ಲ. ಸರ್ "ತಿಳೀತೇನ್ರಿ?" ಅಂದರೆ ಎಲ್ಲರ ಜೊತೆ ನಾನೂ ತಲೆ ಆಡಿಸುತ್ತಿದ್ದೆ. ತಿಳಿಯದೆ ಉಳಿದದ್ದನ್ನು ಪರೀಕ್ಷೆ ಬಂದಾಗ ಗೆಳತಿಯರ ನೋಟ್ಸ್ ಝೆರಾಕ್ಸ್ ಮಾಡಿಸಿ ಓದಿಕೊಂಡರೆ ಆಯಿತು. ಮಾರ್ಕ್ಸೂ ಚೆನ್ನಾಗಿಯೇ ಬರುತ್ತಿದ್ದವು.

ಅದೇ ರೂಢಿ ಇಟ್ಟುಕೊಂಡು 2017ರ ಅಕ್ಟೋಬರ್‌ನಲ್ಲಿ ಜರ್ಮನಿಯ ಆಖನ್‌ಗೆ ಎಂ.ಎಸ್. ಓದಲು ಹೋದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ವರ್ಷದ ಊಟ-ವಸತಿಯ ದುಡ್ಡು, ಆಗ 8,640 ಯೂರೋ, ವೀಸಾಗೆ ಮೊದಲೇ ಒಂದು ಖಾತೆಯಲ್ಲಿ ಇಡಬೇಕಿತ್ತು. ಅದರಲ್ಲಿ ತಿಂಗಳಿಗೆ 720 ಮಾತ್ರ ಕೈಗೆ ಸಿಗುತ್ತಿತ್ತು. ಅದಕ್ಕೆ ಅಪ್ಪ ಬ್ಯಾಂಕ್ ಸಾಲ ತೆಗೆದಿದ್ದರು.

ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಡಿಸೆಂಬರ್‌ಗೆ ಮುಗಿದವು. ಆ ತಿಂಗಳು ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನಮ್ಮ ಬಿಸಿಲಿನ ಊರಿಂದ ಹೋದವರಿಗೆ ಅದು ಚಳಿಗಿಂತ ಕಷ್ಟ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಕುದಿಯುವ ನೀರು ಹಾಕಿ ಹಿಟ್ಟು ನಾದಿದೆ. ವಿಡಿಯೋ ಕಾಲ್‌ನಲ್ಲಿ ಅವ್ವ "ಕೈ ಹಗರ್ ಮಾಡವಾ, ಹರೀತದ" ಅನ್ನುತ್ತಿದ್ದಳು. ನಾಲ್ಕನೇ ರೊಟ್ಟಿ ಬಡಿಯುವಾಗ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಅಜ್ಜಿ. "ಇವತ್ತು ಭಾನುವಾರ. ಸದ್ದು ಮಾಡಬಾರದು" ಅಂದರು. ನಗು ಇಲ್ಲ, ಸುತ್ತುಬಳಸಿ ಮಾತಿಲ್ಲ. ಅಲ್ಲಿ ಭಾನುವಾರ ಇಡೀ ದಿನ, ಉಳಿದ ದಿನ ರಾತ್ರಿ ಹತ್ತರ ಮೇಲೆ ಗದ್ದಲ ಮಾಡುವಂತಿಲ್ಲ. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮರುದಿನ ಮೆಟ್ಟಿಲ ಮೇಲೆ ಅದೇ ಅಜ್ಜಿ ಎದುರಾದರು. ತಲೆ ತಗ್ಗಿಸಿದೆ. ಅವರು "ಗುಟೆನ್ ಮೋರ್ಗೆನ್" ಅಂದು, ನಿನ್ನೆ ಮಾಡಿದ್ದು ಏನು, ಒಳ್ಳೆ ವಾಸನೆ ಬರುತ್ತಿತ್ತು ಅಂತ ಕೇಳಿದರು! ಅವರ ಸಿಟ್ಟು ಸದ್ದಿನ ಮೇಲಿತ್ತು, ನನ್ನ ಮೇಲಲ್ಲ. ಆಮೇಲೆ ಶನಿವಾರ ರೊಟ್ಟಿ ಬಡಿಯತೊಡಗಿದೆ, ಎರಡು ಅವರಿಗೂ ಕೊಡುತ್ತಿದ್ದೆ.

ಫೆಬ್ರುವರಿಯ ಪರೀಕ್ಷೆಯಲ್ಲಿ ಒಂದು ವಿಷಯಕ್ಕೆ 5.0 ಬಂತು. ಅಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಗಡಿ, 5.0 ಅಂದರೆ ಫೇಲ್. ಜೀವನದಲ್ಲಿ ಮೊದಲ ಸಲ. ಮನೆಯಲ್ಲಿ ಹೇಳಲಿಲ್ಲ. ಆದರೆ ಅಲ್ಲಿ ತಿದ್ದಿದ ಉತ್ತರ ಪತ್ರಿಕೆ ನೋಡಲು ಒಂದು ದಿನ ಕೊಡುತ್ತಾರೆ, ಪಕ್ಕದಲ್ಲೇ ತಿದ್ದಿದವರೂ ಇರುತ್ತಾರೆ. ಹಿಂದಿನ ರಾತ್ರಿ ಚೀಟಿಯಲ್ಲಿ ಒಂದೇ ವಾಕ್ಯ ಬರೆದುಕೊಂಡೆ: "ಇದು ನನಗೆ ತಿಳೀಲಿಲ್ಲ, ಯಾವ ಹೆಜ್ಜೆಯಿಂದ ತಪ್ಪಿದೆ?" ಹತ್ತು ಸಲ ಗಟ್ಟಿಯಾಗಿ ಓದಿದೆ. ಅಜ್ಜಿಯನ್ನು ನೆನೆಸಿಕೊಂಡು ಕೇಳಿಯೂ ಬಿಟ್ಟೆ. ತಿದ್ದಿದವರು "ಇಷ್ಟೂ ಗೊತ್ತಿಲ್ವಾ" ಅನ್ನಲಿಲ್ಲ. ಮೂರು ಪುಟ ಹಿಂದೆ ಹೋಗಿ ಪೆನ್ಸಿಲ್ ಇಟ್ಟರು. ಸಮೀಕರಣ ಸರಿ ಇತ್ತು, ಬೌಂಡರಿ ಕಂಡಿಷನ್, ಅಂದರೆ ಅಂಚಿನಲ್ಲಿ ಏನಿರಬೇಕು ಅನ್ನೋ ಷರತ್ತು, ತಪ್ಪು ಹಿಡಿದಿದ್ದೆ. ಇಡೀ ಸೆಮಿಸ್ಟರ್ ಹಾಗೇ ಹಿಡಿದಿದ್ದೆ!

ಅಲ್ಲಿಂದ ವಾರಕ್ಕೊಂದು ಪ್ರಶ್ನೆ ಬರೆದುಕೊಂಡು ಪ್ರೊಫೆಸರರ ಭೇಟಿಯ ಸಮಯಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಪ್ರಶ್ನೆ ಚಿಕ್ಕದಿರಲಿ, ಆದರೆ ಚೀಟಿಯಲ್ಲಿ ಬರೆದಿರಬೇಕು. ಬರೆಯದೆ ಹೋದ ದಿನ ಬಾಯಿ ಕಟ್ಟುತ್ತಿತ್ತು. ಎರಡನೇ ಸಲ ಅದೇ ವಿಷಯಕ್ಕೆ 2.3 ಬಂತು. ಆಗ ಮನೆಯಲ್ಲಿ ಎರಡೂ ಸುದ್ದಿ ಒಟ್ಟಿಗೆ ಹೇಳಿದೆ.

ರಜೆಗೆ ಊರಿಗೆ ಬಂದಾಗ ಅಪ್ಪನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಸಾಲದ ಬಡ್ಡಿಯ ಬಗ್ಗೆ ಅಧಿಕಾರಿ ಗಡಿಬಿಡಿಯಲ್ಲಿ ಏನೋ ಹೇಳಿ ಸಹಿಗೆ ಕಾಗದ ಚಾಚಿದರು. ಅಪ್ಪ ತಲೆ ಆಡಿಸಿ ಪೆನ್ನು ತೆಗೆದರು. ನಾನು "ಸರ, ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ" ಅಂದೆ. ಓದು ಮುಗಿಯುವವರೆಗೆ ಕಂತು ಇಲ್ಲದಿದ್ದರೂ ಬಡ್ಡಿ ಆಗಲೇ ಓಡುತ್ತಿದೆ ಅನ್ನೋದನ್ನು ಅವರು ಬಿಡಿಸಿ ಹೇಳಿದರು.

ಹೊರಗೆ ಬಂದ ಮೇಲೆ ಅಪ್ಪ ಬೈಕಿನ ಕೀಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. "ನನಗೂ ತಿಳಿದಿರಲಿಲ್ಲವ್ವಾ, ಸಾಲ ತಗದಾಗಿಂದ" ಅಂದರು.