ಪಕ್ಕದವರನ್ನು ಕೇಳದೆ ತುಂಬಬಹುದಾದ ಅರ್ಜಿ ಫಾರಂ ಮಾಡುವುದು ಹೇಗೆ

ಫಾರಂ ತುಂಬುತ್ತಿರುವವರು ಪೆನ್ನು ನಿಲ್ಲಿಸಿ "ಇಲ್ಲಿ ಏನು ಬರೀಬೇಕು?" ಅಂತ ಕೇಳಿದರೆ ತಪ್ಪು ಅವರದ್ದಲ್ಲ, ಫಾರಂನದ್ದು. ಮೊದಲು ಇದನ್ನು ಒಪ್ಪಿಕೊಳ್ಳಿ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಬೆಳೆಗಾರರ ಸಂಘ ಇರಲಿ, ಹಾಲಿನ ಡೇರಿ ಇರಲಿ, ಸ್ವಸಹಾಯ ಗುಂಪು ಇರಲಿ, ಎಲ್ಲ ಕಡೆ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಫಾರಂ ಟೈಪ್ ಮಾಡಿರುತ್ತಾರೆ. ಆ ಒಬ್ಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಆನೆ ತೋಟಕ್ಕೆ ನುಗ್ಗಿದ ಮೇಲೆ ಸಂಘಕ್ಕೆ ಕೊಡುವ ಬೆಳೆ ಹಾನಿ ಅರ್ಜಿಯನ್ನೇ ಇಟ್ಟುಕೊಳ್ಳೋಣ.

ಮೊದಲ ಕೆಲಸ ಪ್ರಶ್ನೆ ಕಡಿಮೆ ಮಾಡುವುದು. ಹಳೆ ಫಾರಂ ಮುಂದಿಟ್ಟುಕೊಂಡು ಒಂದೊಂದು ಪ್ರಶ್ನೆಗೂ ಕೇಳಿ: ಈ ಉತ್ತರವನ್ನು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ? "ಮುಂಚಿನಿಂದ ಇದೆ, ಇರಲಿ ಬಿಡಿ" ಅನ್ನೋ ಉತ್ತರ ಬಂದರೆ ಆ ಪ್ರಶ್ನೆಯನ್ನು ಹೊಡೆದು ಹಾಕಿ. ಒಂದೇ ವಿಳಾಸವನ್ನು ಎರಡು ಸಲ ಕೇಳಿರುವುದು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ವಯಸ್ಸು, ಇಂಥವೆಲ್ಲ ಇಲ್ಲೇ ಹೋಗುತ್ತವೆ.

ಆಮೇಲೆ ಕ್ರಮ. ನನ್ನ ಪ್ರಕಾರ ಇದೇ ಮುಖ್ಯ. ಫಾರಂ ಮಾಡುವವರು ಕಚೇರಿಯ ರಿಜಿಸ್ಟರ್ ಕಾಲಂ ಇರುವ ಕ್ರಮದಲ್ಲೇ ಪ್ರಶ್ನೆ ಹಾಕಿಬಿಡುತ್ತಾರೆ. ತುಂಬುವವರ ಕೈಯಲ್ಲಿ ಇರುವುದು ರಿಜಿಸ್ಟರ್ ಅಲ್ಲ, ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಹಾಗಾಗಿ ಯಾವ ಉತ್ತರ ಯಾವ ಕಾಗದದಲ್ಲಿದೆ ಅಂತ ನೋಡಿ ಪ್ರಶ್ನೆಗಳನ್ನು ಗುಂಪು ಮಾಡಿ. "ಪಹಣಿ ನೋಡಿ ತುಂಬಿ" ಅಂತ ದಪ್ಪ ಅಕ್ಷರದ ತಲೆಬರಹ ಕೊಟ್ಟು, ಅದರ ಕೆಳಗೆ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ. "ಪಾಸ್‌ಬುಕ್ ನೋಡಿ ತುಂಬಿ" ಅಂತ ಇನ್ನೊಂದು, ಅದರ ಕೆಳಗೆ ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ. ಎಲ್ಲಕ್ಕಿಂತ ಮೇಲೆ ಏನಾಯಿತು, ಯಾವತ್ತು ಆಯಿತು ಅನ್ನೋದು ಬರಲಿ. ತೋಟ ಹಾಳಾದವರು ಅದನ್ನು ಹೇಳಲಿಕ್ಕೇ ಬಂದಿರುತ್ತಾರೆ, ಅಲ್ವಾ?

"ಹಾನಿಯ ವಿವರ" ಅಂತ ಬರೆದು ನಾಲ್ಕು ಖಾಲಿ ಗೆರೆ ಎಳೆದರೆ ಒಬ್ಬರು ಕಥೆ ಬರೆಯುತ್ತಾರೆ, ಇನ್ನೊಬ್ಬರು "ತುಂಬಾ ಹಾನಿ" ಅಂತ ಬರೆದು ಮುಗಿಸುತ್ತಾರೆ. ಪಟ್ಟಿ ಕೊಡಿ: ಫಸಲು ಕೊಡುವ ಕಾಫಿ ಗಿಡ ಎಷ್ಟು, ಎಳೆ ಗಿಡ ಎಷ್ಟು, ಮೆಣಸಿನ ಬಳ್ಳಿ ಎಷ್ಟು, ಬಾಳೆ ಎಷ್ಟು, ಅಡಿಕೆ ಮರ ಎಷ್ಟು. ಭತ್ತವಾದರೆ ಎಷ್ಟು ಗುಂಟೆ. ಕೊನೆಗೆ "ಬೇರೆ ಏನಾದರೂ" ಅಂತ ಒಂದು ಸಾಲು.

ಈಗ ವಿಸ್ತೀರ್ಣದ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಫಾರಂನಲ್ಲಿ "ವಿಸ್ತೀರ್ಣ" ಅಂತ ಒಂದೇ ಖಾಲಿ ಜಾಗ ಇದ್ದರೆ, 2 ಎಕರೆ 10 ಗುಂಟೆ ಇರುವವರು 2.10 ಅಂತ ಬರೆಯುತ್ತಾರೆ, ಎಲ್ಲರೂ ಹಾಗೇ ಬರೆಯುವುದು. ಅದನ್ನು ಎಕ್ಸೆಲ್‌ಗೆ ಹಾಕುವ ಹುಡುಗ ದಶಮಾಂಶ ಅಂದುಕೊಂಡರೆ ಅದು 2.1 ಎಕರೆ ಆಗುತ್ತದೆ. ಎಕರೆಗೆ 40 ಗುಂಟೆ, ಅಂದರೆ 2 ಎಕರೆ 4 ಗುಂಟೆ. ನಿಜವಾಗಿ ಇರುವುದು 2.25 ಎಕರೆ. ಆರು ಗುಂಟೆ ಕಾಗದದ ಮೇಲೆ ಮಾಯ, ಯಾರೂ ಮೋಸ ಮಾಡಿಲ್ಲ. ಪರಿಹಾರ ತುಂಬಾ ಸುಲಭ: ಎರಡು ಬೇರೆ ಬೇರೆ ಡಬ್ಬಿ ಹಾಕಿ, ಒಂದರ ಪಕ್ಕ "ಎಕರೆ", ಇನ್ನೊಂದರ ಪಕ್ಕ "ಗುಂಟೆ" ಅಂತ ಮೊದಲೇ ಅಚ್ಚು ಹಾಕಿ. ತಾರೀಕಿಗೂ ಹೀಗೇ ಮಾಡಿ, ದಿನ, ತಿಂಗಳು, ವರ್ಷ ಬೇರೆ ಬೇರೆ. ಐಎಫ್‌ಎಸ್‌ಸಿಗೆ 11 ಡಬ್ಬಿ ಕೊಟ್ಟು ಐದನೆಯದರಲ್ಲಿ ಸೊನ್ನೆಯನ್ನು ನೀವೇ ಹಾಕಿಬಿಡಿ. ಅಲ್ಲಿ ಯಾವಾಗಲೂ ಸೊನ್ನೆಯೇ ಬರುವುದು, ಆದರೆ ಜನ ಅದನ್ನು ಇಂಗ್ಲಿಷಿನ ಓ ಅಂದುಕೊಳ್ಳುತ್ತಾರೆ.

ಆದರೆ ಹೆಸರಿಗೆ ಮಾತ್ರ ಇಂಥ ಡಬ್ಬಿ ಬೇಡ. ಡಬ್ಬಿಗೊಂದು ಅಕ್ಷರ ಅನ್ನೋದು ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ "ಕೃಷ್ಣಪ್ಪ" ಅಂತ ಬರೆಯುವಾಗ ಒತ್ತಕ್ಷರವನ್ನು ಎಲ್ಲಿ ಹಾಕಬೇಕು, ಅದೇ ಡಬ್ಬಿಯ ಕೆಳಗೋ ಮುಂದಿನ ಡಬ್ಬಿಗೋ? ಸುಮ್ನೆ ಉದ್ದ ಗೆರೆ ಕೊಡಿ. ಸಾಲುಗಳ ಮಧ್ಯೆ ಧಾರಾಳವಾಗಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬೂದು ಬಣ್ಣದ ಹಿನ್ನೆಲೆಯೂ ಬೇಡ, ಜೆರಾಕ್ಸಿನ ಜೆರಾಕ್ಸ್ ಆಗುವಾಗ ಅದು ಕಪ್ಪಾಗಿ ಬರೆದಿದ್ದೇ ಕಾಣುವುದಿಲ್ಲ.

ಪ್ರಶ್ನೆಗೂ ಉತ್ತರದ ಜಾಗಕ್ಕೂ ಇರುವ ದೂರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2000ನೇ ಇಸವಿಯ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಏನಾಯಿತು ನೋಡಿ. ವಯಸ್ಸಾದವರಿಗೆ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿದರು. ಅದರಿಂದ ಹೆಸರುಗಳು ಎಡಕ್ಕೂ ಬಲಕ್ಕೂ ಎರಡು ಪುಟದಲ್ಲಿ ಹರಡಿಕೊಂಡವು, ವೋಟು ಹಾಕಲು ತೂತು ಮಾಡುವ ಜಾಗ ಮಾತ್ರ ನಡುವೆ ಒಂದೇ ಸಾಲು. ಎಡಗಡೆ ಎರಡನೇ ಹೆಸರು ಅಲ್ ಗೋರ್ ಅವರದ್ದು, ಆದರೆ ಎರಡನೇ ತೂತು ಬಲಗಡೆಯಲ್ಲಿದ್ದ ಪ್ಯಾಟ್ ಬ್ಯೂಕ್ಯಾನನ್ ಅವರದ್ದು. ಗೋರ್‌ಗೆ ಅಂತ ಹಾಕಿದ ಎರಡು ಸಾವಿರಕ್ಕೂ ಜಾಸ್ತಿ ವೋಟು ತಪ್ಪಾಗಿ ಬ್ಯೂಕ್ಯಾನನ್‌ಗೆ ಹೋಯಿತು ಅಂತ ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. ಆ ರಾಜ್ಯವನ್ನು ಜಾರ್ಜ್ ಬುಷ್ ಗೆದ್ದಿದ್ದು ಬರೀ 537 ವೋಟಿನಿಂದ. ನಮ್ಮ ಫಾರಂಗಳಲ್ಲಿ "ಹೌದು ☐ ಇಲ್ಲ ☐ ಗೊತ್ತಿಲ್ಲ ☐" ಅಂತ ಒಂದೇ ಅಂತರದಲ್ಲಿ ಸಾಲಾಗಿ ಹಾಕಿದಾಗಲೂ ಇದೇ ಗೊಂದಲ. ಡಬ್ಬಿಯನ್ನು ಮೊದಲು ಹಾಕಿ, ಪದವನ್ನು ಅದಕ್ಕೆ ಅಂಟಿಕೊಂಡಂತೆ ಇಡಿ, ಒಂದೊಂದನ್ನು ಒಂದೊಂದು ಸಾಲಿಗೆ ತನ್ನಿ.

ಇನ್ನು ಪಹಣಿ ಯಾರ ಹೆಸರಲ್ಲಿದೆ ಅನ್ನೋ ಪ್ರಶ್ನೆ. ನಮ್ಮ ಕಡೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗದೆ ಇನ್ನೂ ಅಜ್ಜನ ಹೆಸರಲ್ಲೇ ಇರುವ ಜಮೀನು ಬೇಕಾದಷ್ಟಿವೆ. "ಅರ್ಜಿದಾರರು ಖಾತೆದಾರರಲ್ಲದಿದ್ದಲ್ಲಿ ಸೂಕ್ತ ದಾಖಲೆ ಲಗತ್ತಿಸತಕ್ಕದ್ದು" ಅಂತ ಬರೆದರೆ ಯಾವ ದಾಖಲೆ ಅಂತ ಯಾರಿಗೆ ಗೊತ್ತಾಗಬೇಕು? ಬದಲಿಗೆ ಹೀಗೆ ಕೇಳಿ:

ಪಹಣಿ ಯಾರ ಹೆಸರಲ್ಲಿದೆ?
☐ ನನ್ನ ಹೆಸರಲ್ಲಿ. (6ನೇ ಪ್ರಶ್ನೆಗೆ ಹೋಗಿ)
☐ ನನ್ನ ಜೊತೆ ಬೇರೆಯವರ ಹೆಸರೂ ಇದೆ. (ಅವರ ಒಪ್ಪಿಗೆ ಪತ್ರ ಇಡಿ)
☐ ತೀರಿಕೊಂಡವರ ಹೆಸರಲ್ಲಿದೆ. (ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷ ಇಡಿ)

ಯಾವ ದಾಖಲೆ ಅನ್ನೋದನ್ನು ನಿಮ್ಮ ಸಂಘದ ನಿಯಮ ನೋಡಿ ಬದಲಾಯಿಸಿಕೊಳ್ಳಿ.

ತರಬೇಕಾದ ಜೆರಾಕ್ಸ್‌ಗಳ ಪಟ್ಟಿ ಮೊದಲ ಪುಟದ ಮೇಲ್ಭಾಗದಲ್ಲೇ ಇರಲಿ. ಹೆತ್ತೂರು, ಯಸಳೂರು ಕಡೆಯಿಂದ ಬಸ್ ಹಿಡಿದು ಬಂದವರಿಗೆ ಕೊನೆ ಪುಟದ ಸಣ್ಣಕ್ಷರದಲ್ಲಿ ಇನ್ನೊಂದು ಕಾಗದ ಬೇಕು ಅಂತ ಗೊತ್ತಾದರೆ ಆವತ್ತಿನ ಕೂಲಿ, ಬಸ್ ಚಾರ್ಜು ಎರಡೂ ದಂಡ. ನನಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕೇ. ಉಳಿದ ಸೂಚನೆಗಳನ್ನು ಆಯಾ ಪ್ರಶ್ನೆಯ ಪಕ್ಕದಲ್ಲೇ ಬರೆಯಿರಿ.

ಕರಡು ಆದ ಮೇಲೆ ಅಚ್ಚು ಹಾಕಿಸುವ ಮೊದಲು ನಾಲ್ಕೈದು ಜನರ ಕೈಗೆ ಕೊಟ್ಟು ನೋಡಿ. ಸಂಘದ ಕಾರ್ಯದರ್ಶಿಗೆ ಅಲ್ಲ, ಅವರಿಗೆ ಎಲ್ಲ ಗೊತ್ತಿರುತ್ತದೆ. ಸಂತೆಗೆ ಬಂದ ಅಜ್ಜ, ಮನೆ ಲೆಕ್ಕ ನೋಡಿಕೊಳ್ಳುವ ಅಕ್ಕ, ತಾಲ್ಲೂಕು ಆಫೀಸಿನ ಹೊರಗೆ ಅರ್ಜಿ ಬರೆದುಕೊಡುವವರು, ಇಂಥವರಿಗೆ ಕೊಡಿ. ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಮರ್ಯಾದೆಗೆ ಎಲ್ಲರೂ ಹೂಂ ಅನ್ನುತ್ತಾರೆ. ಪೆನ್ನು ಎಲ್ಲಿ ನಿಂತಿತು, ಎಲ್ಲಿ ಹಿಂದಿನ ಪುಟ ತಿರುವಿದರು, ಎಲ್ಲಿ ಬರೆದು ಹೊಡೆದು ಹಾಕಿದರು, ಅಷ್ಟನ್ನು ಗುರುತು ಮಾಡಿಕೊಂಡು ಆ ಜಾಗಗಳನ್ನು ತಿದ್ದಿ.

ಹೊಸ ಫಾರಂನ ಕೆಳಗಿನ ಮೂಲೆಯಲ್ಲಿ ತಿಂಗಳು, ವರ್ಷ ಹಾಕಿ. ಹಳೆಯದರ ಒಂದು ಪ್ರತಿ ಊರಿನ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಉಳಿದರೂ ಸಾಕು, ಇನ್ನೂ ವರ್ಷಗಟ್ಟಲೆ ಅದೇ ಓಡಾಡುತ್ತದೆ. ಹೊಸದನ್ನು ನೀವೇ ಹೋಗಿ ಅಂಗಡಿಗೆ ಕೊಟ್ಟು ಹಳೆಯದನ್ನು ವಾಪಸ್ ಇಸ್ಕೊಂಡು ಬನ್ನಿ.