ಜಗಲಿ ಮೇಲಿನ ಸಕ್ಕರೆ ಲೆಕ್ಕ

ನನಗೆ ಸಕ್ಕರೆ ಕಾಯಿಲೆ ಬಂದು 11 ವರ್ಷ ಆಯ್ತು. "ಅನ್ನ ಬಿಡಿ" ಎಂದರು ಡಾಕ್ಟರು. ನಾನು ತೀರ್ಥಹಳ್ಳಿ ಕಡೆಯವನು. ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಅನ್ನ ಬಿಟ್ಟರೆ ಉಳಿಯುವುದೇನು? ಒಂದು ವರ್ಷ ಏನನ್ನೂ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಬಿಟ್ಟೆ.

ದಾರಿಗೆ ತಂದವರು ಪಕ್ಕದ ತೋಟದ ಅಕ್ಕ. ಅವರಿಗೂ ಸಕ್ಕರೆ ಇತ್ತು. "ನಾಲ್ಕು ಕಡುಬು ತಿನ್ನೋನು ಎರಡು ತಿನ್ನು, ಪಲ್ಯ ಜಾಸ್ತಿ ಹಾಕ್ಕೊ" ಎಂದರು. ಅಷ್ಟೇ. ಅದು ನನ್ನಿಂದ ಆಗುವ ಕೆಲಸ.

ಆಮೇಲೆ ನಮ್ಮ ಜಗಲಿಯಲ್ಲಿ ವಾರಕ್ಕೊಮ್ಮೆ ಸಕ್ಕರೆ ಕಾಯಿಲೆಯ ಏಳೆಂಟು ಜನ ಸೇರತೊಡಗಿದೆವು. ಒಕ್ಕಲಿಗರು, ದೀವರು, ಕೊಂಕಣಿಯವರು, ಬ್ಯಾರಿಗಳು, ತೋಟದ ಕೆಲಸಕ್ಕೆ ಬಂದ ತಮಿಳರು. ಮೊದಮೊದಲು ನಾನೇ ಭಾಷಣ ಬಿಗಿದೆ. ಎಲ್ಲರೂ ತಲೆ ಆಡಿಸಿದರು. ಮುಂದಿನ ವಾರ ಅರ್ಧ ಜನ ಬರಲಿಲ್ಲ.

ರಂಜಾನ್ ಹತ್ತಿರ ಬಂದಾಗ ಬ್ಯಾರಿ ಅಕ್ಕನಿಗೆ "ಉಪವಾಸ ಮಾಡಬೇಡಿ" ಎಂದುಬಿಟ್ಟೆ. ಅವರು ಸುಮ್ನೆ ಎದ್ದು ಹೋದರು. ನನಗೆ ಅನ್ನ ಬಿಡು ಅಂದ ಹಾಗೇ ಆಯ್ತಲ್ಲ! ಕೊನೆಗೆ ಅವರ ಜೊತೆ ಕೂತು ಮಾತಾಡಿದ್ದು ಅವರದೇ ಓಣಿಯ ಇನ್ನೊಬ್ಬರು, ಡಾಕ್ಟರನ್ನು ಕೇಳಿಕೊಂಡೇ ಉಪವಾಸ ಮಾಡುವವರು. ತಿಂಗಳು ಶುರುವಾಗುವ ಮೊದಲೇ ಮಾತ್ರೆಯ ಹೊತ್ತು ಡಾಕ್ಟರಿಂದ ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲ. 70ಕ್ಕಿಂತ ಕೆಳಗಿಳಿದರೆ ಕಾಯಬಾರದು, ಆಗಲೇ ಸಕ್ಕರೆ ನೀರು ಕುಡಿಯಬೇಕು. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಬ್ಯಾರಿ ಭಾಷೆಯಲ್ಲಿ ಅವರು ಹೇಳಿದ್ದು ಇಷ್ಟೇ. ಇದನ್ನೇ ನಾನು ಹೇಳಿದ್ದರೆ ಯಾರು ಕೇಳುತ್ತಿದ್ದರು?

ಮಳೆಗಾಲದಲ್ಲಿ ಮಾತೆಲ್ಲ ಕಾಲಿನದ್ದೇ. ಉಂಬಳ (ಜಿಗಣೆ) ಹತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ ಬಿಡಿ. ಆದರೆ ಮುಳ್ಳು ಚುಚ್ಚಿದ್ದು ಗೊತ್ತಾಗಬೇಕು, ಅಲ್ವಾ? ಗೊತ್ತಾಗಲಿಲ್ಲ ಅಂದರೆ ಸಕ್ಕರೆ ಕಾಲಿನ ನರಕ್ಕೆ ಕೈ ಹಾಕಿದೆ ಅಂತಲೇ ಅನುಮಾನ ಪಡಬೇಕು. ರಾತ್ರಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲಿಗೆ ಕನ್ನಡಿ ಹಿಡಿದು ನೋಡುವುದನ್ನು ತಮಿಳು ಅಜ್ಜ ಮಾಡಿ ತೋರಿಸಿದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಬೇಕಾಗಲೂ ಇಲ್ಲ.

ಮಾತ್ರೆ ಹೆಚ್ಚು ಕಡಿಮೆ ಮಾಡಿ ಎಂದು ಮಾತ್ರ ನಾವು ಯಾರಿಗೂ ಹೇಳುವುದಿಲ್ಲ. ಅದು ಡಾಕ್ಟರ ಕೆಲಸ.

ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, ಎಚ್‌ಬಿಎ1ಸಿ ನನ್ನದು 9.4 ಇದ್ದದ್ದು 7.1ಕ್ಕೆ ಇಳಿಯಿತು. ಹಲಸಿನ ಕಾಲ ಮುಗಿಯುವಾಗ ಮತ್ತೆ ಏರಿತು. ಮೂರು ತೊಳೆ ಅಂತ ಲೆಕ್ಕ ಇಟ್ಟವನು ಅಡುಗೆಮನೆಯಲ್ಲಿ ನಿಂತೇ ಹನ್ನೆರಡು ಮುಗಿಸುತ್ತಿದ್ದೆ. ನಾಚಿಕೆ ಬಿಟ್ಟು ಜಗಲಿಯಲ್ಲಿ ಹೇಳಿಕೊಂಡೆ. ಎಲ್ಲರೂ ನಕ್ಕರು. ಆಮೇಲೆ ಕೊಂಕಣಿ ಮಾಮ್ ಕದ್ದು ಕುಡಿಯುವ ಬೆಲ್ಲದ ಕಾಫಿಯ ಸುದ್ದಿ ತೆಗೆದರು. ಬ್ಯಾರಿ ಅಕ್ಕ ಖರ್ಜೂರದ ಲೆಕ್ಕ ಒಪ್ಪಿಸಿದರು.